ಮಳೆಗೊಂದು ಹೆಸರು, ಮಣ್ಣಿಗೊಂದು ಹೆಸರು



ಜೂನ್ ತಿಂಗಳ ಮೊದಲ ವಾರ ನಮ್ಮ ಜಹೀರಾಬಾದಿನ ಮೇಲೆ ಒಂದು ಒಳ್ಳೆಯ ಮಳೆ ಬಿತ್ತು ಎಂದಿಟ್ಟುಕೊಳ್ಳೋಣ. ಮನೆಯಲ್ಲಿ ಅಜ್ಜಿ ಅದನ್ನು ‘ಮುಂಗಾರು’ ಎನ್ನುತ್ತಾರೆ. ಪಕ್ಕದ ಹೊಲದ ತೆಲುಗು ರೈತರು ‘ತೊಲಕರಿ’ ಎನ್ನುತ್ತಾರೆ. ಬ್ಯಾಂಕಿನ ಸಾಲದ ಕಾಗದದಲ್ಲಿ ಅದು ‘ಖರೀಫ್’. ಸರ್ಕಾರದ ಪ್ರಕಟಣೆಯಲ್ಲಿ ‘ವಾನಾಕಾಲಂ’. ಮಕ್ಕಳ ಇಂಗ್ಲಿಷ್ ಪಾಠದಲ್ಲಿ ‘ಮಾನ್ಸೂನ್’. ಮಳೆ ಒಂದು, ಹೆಸರು ಐದು.

ಹೆಸರು ಯಾವುದಾದರೇನು, ನೀರು ಒಂದೇ ತಾನೇ ಎಂದು ಯಾರಾದರೂ ಕೇಳಬಹುದು. ನೀರು ಒಂದೇ, ನಿಜ. ಆದರೆ ಒಂದೊಂದು ಹೆಸರೂ ನಮ್ಮ ಕಣ್ಣನ್ನು ಒಂದೊಂದು ಕಡೆಗೆ ತಿರುಗಿಸುತ್ತದೆ. ‘ಕಾರು’ ಎಂದರೆ ಮಳೆಗಾಲ, ಮೋಡ ಕವಿದ ಕಾಲ. ಅದರ ಮುಂಭಾಗ ಮುಂಗಾರು, ಹಿಂಭಾಗ ಹಿಂಗಾರು. ತೆಲುಗಿನ ‘ತೊಲಕರಿ’ಯಲ್ಲಿಯೂ ‘ತೊಲಿ’ ಎಂದರೆ ಮೊದಲು. ‘ಕರಿ’ ನಮ್ಮ ಕಾರಿನ ಬಂಧು. ಈ ಎರಡೂ ಆಕಾಶ ನೋಡಿ ಇಟ್ಟ ಹೆಸರುಗಳು. ‘ಖರೀಫ್’ ಎಂಬುದು ಅರಬ್ಬೀ ಮಾತು. ಅದರ ಅರ್ಥ ಶರತ್ಕಾಲ, ಅಂದರೆ ಬೆಳೆ ಕೊಯ್ಯುವ ಕಾಲ. ‘ರಬಿ’ ಎಂದರೆ ವಸಂತ, ಎರಡನೆಯ ಬೆಳೆ ಕೊಯ್ಯುವ ಕಾಲ. ಕಂದಾಯ ವಸೂಲಿಯ ಕಚೇರಿಗಳ ಮೂಲಕ ನಮ್ಮ ಸೀಮೆಗೆ ಬಂದ ಈ ಮಾತುಗಳ ಕಣ್ಣು ರಾಶಿಯ ಮೇಲೆ. ‘ಮಾನ್ಸೂನ್’ ಹುಟ್ಟಿದ್ದು ‘ಮೌಸಿಮ್’ ಎಂಬ ಅರಬ್ಬೀ ಪದದಿಂದ; ಸಮುದ್ರದ ಗಾಳಿ ಯಾವಾಗ ತಿರುಗುತ್ತದೆ ಎಂದು ಕಾಯುತ್ತಿದ್ದ ನಾವಿಕರ ಮಾತು ಅದು. ರೈತ ಮೋಡ ನೋಡಿದ, ಕಂದಾಯದವರು ಕಣ ನೋಡಿದರು, ನಾವಿಕ ಗಾಳಿ ನೋಡಿದ.

ಈ ತಿಂಗಳ ನಮ್ಮ ಪಾಠ ಇದೇ. ನಾವಾಡುವ ಭಾಷೆ ನಮ್ಮ ನೆಲವನ್ನೂ ಹವಾಮಾನವನ್ನೂ ನಮಗೆ ಹೇಗೆ ತೋರಿಸುತ್ತದೆ? ಆ ಮಾತುಗಳು ಮನೆಯಿಂದ ಮರೆಯಾದರೆ ನಾವು ಕಳೆದುಕೊಳ್ಳುವುದು ಏನು?

ಗಡಿಗಿಂತ ಹಳೆಯದು ನೆಲ

1956ರ ನವೆಂಬರ್ 1ಕ್ಕೆ ಮುಂಚೆ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ್, ಗುಲ್ಬರ್ಗಗಳ ಬಹುಭಾಗ ಮೈಸೂರು ರಾಜ್ಯಕ್ಕೆ ಹೋಯಿತು; ನಮ್ಮ ಮೂರು ಊರುಗಳು ಆಂಧ್ರಪ್ರದೇಶಕ್ಕೆ ಬಂದವು. 2014ರಲ್ಲಿ ಅದು ತೆಲಂಗಾಣವಾಯಿತು. 2016ರಿಂದ ಜಹೀರಾಬಾದ್, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಯಲ್ಲಿ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿ ಇವೆ. ಅರವತ್ತು ವರ್ಷಗಳಲ್ಲಿ ಫಲಕದ ಮೇಲಿನ ಹೆಸರು ಇಷ್ಟು ಸಲ ಬದಲಾಯಿತು. ಮಣ್ಣು ಇದ್ದಲ್ಲೇ ಇದೆ.

ನದಿಗಳನ್ನು ನೋಡಿ. ಅನಂತಗಿರಿ ಬೆಟ್ಟಗಳ ಕಡೆಯಿಂದ ಇಳಿದು ತಾಂಡೂರಿನ ಬಳಿ ಹರಿಯುವ ಕಾಗ್ನಾ, ಗಡಿ ದಾಟಿ ಸೇಡಂ ಸೀಮೆಗೆ ಹೋದಾಗ ಕಾಗಿಣಾ ಎನಿಸಿಕೊಳ್ಳುತ್ತದೆ. ಅಲ್ಲಿಂದ ಭೀಮೆಗೆ, ಭೀಮೆಯಿಂದ ಕೃಷ್ಣೆಗೆ. ಬೀದರಿನಲ್ಲಿ ಮಾಂಜ್ರಾ ಎನಿಸಿಕೊಂಡದ್ದು ನಾರಾಯಣಖೇಡ ಸೀಮೆಯ ಅಂಚಿನಲ್ಲಿ ಮಂಜೀರಾ ಆಗಿ ಗೋದಾವರಿಯತ್ತ ಸಾಗುತ್ತದೆ. ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಸುಮಾರು ಕ್ರಿ.ಶ. 850ರ ಹೊತ್ತಿಗೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚನೆಯಾದ ‘ಕವಿರಾಜಮಾರ್ಗ’ ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಎರಡು ನದಿಗಳಿಂದ ಗುರುತಿಸುತ್ತದೆ. ಭಾಷೆ ತನ್ನ ಎಲ್ಲೆಯನ್ನು ಹೇಳಲು ಹೊಳೆಗಳ ಹೆಸರನ್ನು ಆರಿಸಿಕೊಂಡದ್ದು ಗಮನಿಸಬೇಕಾದ ಮಾತು. ನಮ್ಮ ಪೂರ್ವಜರಿಗೆ ನಾಡು ಎಂದರೆ ಮೊದಲು ನೀರು ಹರಿಯುವ ದಾರಿ.

ಹದಿಮೂರು ದಿನಕ್ಕೊಂದು ಹೆಸರು

ನಮ್ಮ ಹಿರಿಯರು ಮಳೆಗಾಲವನ್ನು ಇಡಿಯಾಗಿ ನೋಡಲಿಲ್ಲ. ಸೂರ್ಯನು ಒಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ಅವಧಿಯ ಮಳೆಗೆ ಆ ನಕ್ಷತ್ರದ ಹೆಸರು. ಮೇ ಕೊನೆಗೆ ರೋಹಿಣಿ, ಜೂನ್ 7-8ರ ಸುಮಾರಿಗೆ ಮೃಗಶಿರಾ, ಜೂನ್ 21-22ಕ್ಕೆ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ, ಹುಬ್ಬಾ, ಉತ್ತರಾ, ಹಸ್ತಾ, ಚಿತ್ತಾ, ಸ್ವಾತಿ, ವಿಶಾಖಾ. ತೆಲುಗಿನಲ್ಲಿ ಇವೇ ‘ಕಾರ್ತೆ’ಗಳು. ನಮ್ಮ ಹುಬ್ಬಾ ಅವರಿಗೆ ಪುಬ್ಬ. ಒಂದೇ ಲೆಕ್ಕ, ಎರಡು ನಾಲಿಗೆ.

ಪ್ರತಿ ಮಳೆಗೂ ಒಂದು ಗುಣ, ಒಂದು ಗಾದೆ. ‘ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ.’ ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ.’ ‘ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು.’ ಈ ಗಾದೆಗಳಲ್ಲಿ ಬಿತ್ತನೆ ಯಾವಾಗ, ಕಾಳು ಕಟ್ಟುವುದು ಯಾವಾಗ ಎಂಬ ತಿಳಿವಳಿಕೆ ಅಡಗಿದೆ. ಓದು ಬರಹ ಬಾರದವರೂ ಇಡೀ ವರ್ಷದ ಪಂಚಾಂಗವನ್ನು ಬಾಯಲ್ಲಿ ಹೊತ್ತು ನಡೆದದ್ದು ಹೀಗೆ.

ನಮ್ಮಲ್ಲಿ ಕೆಲವರಿಗೆ ಒಂದು ಸಂಕೋಚವಿದೆ: ನಕ್ಷತ್ರದ ಹೆಸರು ಹೇಳಿದರೆ ಅದು ಜ್ಯೋತಿಷ್ಯವಾಗುವುದಿಲ್ಲವೇ? ಭವಿಷ್ಯ ಕೇಳುವುದು ಬೇರೆ, ಕಾಲ ಎಣಿಸುವುದು ಬೇರೆ. ಋತುಗಳನ್ನೂ ದಿನ ಸಂವತ್ಸರಗಳನ್ನೂ ಗುರುತಿಸಲು ದೇವರು ಆಕಾಶದಲ್ಲಿ ಜ್ಯೋತಿಗಳನ್ನಿಟ್ಟರೆಂದು ಆದಿಕಾಂಡದ ಮೊದಲ ಅಧ್ಯಾಯವೇ ಹೇಳುತ್ತದೆ. ರೈತನ ಆರಿದ್ರಾ ಮಳೆ ಅಂಥ ಒಂದು ಗುರುತು ಮಾತ್ರ.

ಪವಿತ್ರ ಗ್ರಂಥದ ಎರಡು ಮಳೆಗಳು

ಭಾಷೆ ನೆಲವನ್ನು ಹೇಗೆ ಹೊತ್ತು ತರುತ್ತದೆ ಎಂಬುದಕ್ಕೆ ಸಂತ ಯಕೋಬರ ಪತ್ರದ ಐದನೆಯ ಅಧ್ಯಾಯಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಭೂಮಿಯ ಫಲಕ್ಕಾಗಿ ಎರಡು ಮಳೆಗಳನ್ನು ಕಾಯುವ ಬೇಸಾಯಗಾರನ ತಾಳ್ಮೆಯನ್ನು ಅವರು ನಮ್ಮ ಮುಂದಿಡುತ್ತಾರೆ. ಕನ್ನಡ ಬೈಬಲ್‌ನಲ್ಲಿ ಆ ಎರಡು ಮಳೆಗಳು ಮುಂಗಾರು, ಹಿಂಗಾರು. ತೆಲುಗು ಬೈಬಲ್‌ನಲ್ಲಿ ಅವು ತೊಲಕರಿ, ಕಡವರಿ. ಹೀಬ್ರೂ ಭಾಷೆಯ ಹಳೆಯ ಒಡಂಬಡಿಕೆಯಲ್ಲಿ ಅವಕ್ಕೆ ಯೋರೆ, ಮಲ್ಕೋಶ್ ಎಂಬ ಪ್ರತ್ಯೇಕ ಹೆಸರುಗಳೇ ಇವೆ.

ಆದರೆ ಇಸ್ರಯೇಲರ ನಾಡಿನ ತಿಂಗಳುಗಳು ನಮ್ಮವಲ್ಲ. ಅಲ್ಲಿ ಬೇಸಿಗೆ ಪೂರ್ತಿ ಒಣಗಾಲ. ಮೊದಲ ಮಳೆ ಬರುವುದು ಅಕ್ಟೋಬರ್ ನವೆಂಬರ್‌ನಲ್ಲಿ. ಒಣಗಿ ಗಟ್ಟಿಯಾದ ನೆಲ ಆಗ ನೇಗಿಲಿಗೆ ಒದಗುತ್ತದೆ. ಕೊನೆಯ ಮಳೆ ಮಾರ್ಚ್ ಏಪ್ರಿಲ್‌ನಲ್ಲಿ. ಆಗ ಗೋದಿ, ಜವೆಗೋದಿಯ ತೆನೆ ತುಂಬುತ್ತದೆ. ನಮ್ಮ ಮುಂಗಾರು ಜೂನ್‌ನಲ್ಲಿ, ಹಿಂಗಾರು ಅಕ್ಟೋಬರ್ ಹೊತ್ತಿಗೆ. ಅನುವಾದಕರು ತಿಂಗಳನ್ನು ಅನುವಾದಿಸಲಿಲ್ಲ, ಮಳೆ ಮಾಡುವ ಕೆಲಸವನ್ನು ಅನುವಾದಿಸಿದರು. ಆದ್ದರಿಂದಲೇ ನಾರಾಯಣಖೇಡದ ರೈತ ಆ ವಾಕ್ಯ ಕೇಳಿದಾಗ ದೂರದ ನಾಡಿನ ಕಥೆ ಕೇಳಿದಂತೆ ಅನಿಸುವುದಿಲ್ಲ.

ಒಂದು ವ್ಯತ್ಯಾಸವನ್ನೂ ನೆನಪಿಡಬೇಕು. ಅಲ್ಲಿ ಎರಡೂ ಮಳೆ ಒಂದೇ ಬೆಳೆಗೆ. ನಮ್ಮಲ್ಲಿ ಮುಂಗಾರಿಗೆ ಹೆಸರು, ಉದ್ದು ಬೇರೆ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ ಬೇರೆ. ಎರಡೂ ಮಳೆಯನ್ನು ಉಂಡು ಬೆಳೆಯುವ ನಮ್ಮ ಬೆಳೆ ಎಂದರೆ ತೊಗರಿ. ಮುಂಗಾರಿನಲ್ಲಿ ಬಿತ್ತಿ, ಹಿಂಗಾರಿನ ಹಸಿಯಲ್ಲಿ ಹೂ ಕಾಯಿ ಕಟ್ಟಿ, ಕ್ರಿಸ್ತಜಯಂತಿಯ ಆಸುಪಾಸಿನಲ್ಲಿ ಕೊಯ್ಲಿಗೆ ಬರುತ್ತದೆ. 2022ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ತಾಂಡೂರಿನ ತೊಗರಿ ಇದೇ. ಯಕೋಬರು ಹೇಳಿದ ತಾಳ್ಮೆ ಏನೆಂದು ಮಕ್ಕಳಿಗೆ ತೋರಿಸಬೇಕಾದರೆ ತಾಂಡೂರಿನ ತೊಗರಿ ಹೊಲಕ್ಕೆ ಕರೆದುಕೊಂಡು ಹೋದರೆ ಸಾಕು.

ಧರ್ಮೋಪದೇಶಕಾಂಡದ 11ನೆಯ ಅಧ್ಯಾಯವೂ (ವಚನ 10-14) ಇದನ್ನೇ ಹೇಳುತ್ತದೆ. ಈಜಿಪ್ಟಿನಲ್ಲಿ ನೀವು ಕಾಲಿನಿಂದ ನೀರು ಹಾಯಿಸಿ ಬೆಳೆದಿರಿ. ಈಗ ಹೋಗುವ ನಾಡು ಆಕಾಶದ ಮಳೆಯನ್ನು ಕುಡಿಯುವ ನಾಡು ಎಂಬುದು ಅದರ ಸಾರ. ನೈಲ್ ನದಿಯ ನಾಡಿಗೂ ಮಳೆಯಾಧಾರಿತ ಗುಡ್ಡಗಾಡಿಗೂ ಪ್ರಾರ್ಥನೆಯ ಸ್ವರವೇ ಬೇರೆ. ನಮ್ಮದೂ ಹೆಚ್ಚಾಗಿ ಆಕಾಶ ನೋಡುವ ನಾಡು.

ಎರೆ, ಮಸಾರಿ ಮತ್ತು ಹದ

ಮಣ್ಣಿಗೆ ಬರೋಣ. ತಾಂಡೂರಿನ ಕಡೆಯ ಕಪ್ಪು ಮಣ್ಣನ್ನು ನಾವು ಎರೆ ಎನ್ನುತ್ತೇವೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ, ಕುಡಿದ ನೀರನ್ನು ತಿಂಗಳುಗಟ್ಟಲೆ ಬಿಡುವುದಿಲ್ಲ. ಮಳೆ ನಿಂತ ಮೇಲೂ ಬಿಳಿಜೋಳ ಆ ಹಸಿಯಲ್ಲೇ ಬೆಳೆಯುತ್ತದೆ. ತೆಲುಗಿನಲ್ಲಿ ಇದು ರೇಗಡಿ. ಈ ತೆಲುಗು ಮಾತಿನಿಂದಲೇ ‘ರೆಗೂರ್’ ಎಂಬ ಹೆಸರು ಭೂಗೋಳದ ಪುಸ್ತಕಗಳಿಗೆ ಹೋಯಿತು. ಶಾಲೆಯ ಪಾಠದಲ್ಲಿ ‘ರೆಗೂರ್ ಮಣ್ಣು’ ಎಂದು ಉರು ಹೊಡೆಯುವ ನಮ್ಮ ಮಗುವಿಗೆ ಅದು ತನ್ನ ಪಕ್ಕದ ಮನೆಯವರ ಮಾತೆಂದು ಯಾರು ಹೇಳಬೇಕು?

ಜಹೀರಾಬಾದಿನ ಎತ್ತರದ ಭಾಗದಲ್ಲಿ ಕೆಂಪು ಮಣ್ಣು ಬಹಳ. ಕನ್ನಡದಲ್ಲಿ ಮಸಾರಿ; ತೆಲಂಗಾಣದ ಮಾತಿನಲ್ಲಿ ಹಗುರವಾದ ಕೆಂಪು ನೆಲಕ್ಕೆ ಚೆಲ್ಕ. ಬೇಗ ನೆನೆಯುತ್ತದೆ, ಬೇಗ ಆರುತ್ತದೆ. ಮಸಾರಿಗೆ ಒಂದು ಬಿತ್ತನೆ, ಎರೆಗೆ ಇನ್ನೊಂದು. ಎರಡನ್ನೂ ಬರೀ ‘ಜಮೀನು’ ಎಂದು ಕರೆದರೆ ಎಕರೆಯ ಲೆಕ್ಕ ಉಳಿಯುತ್ತದೆ, ಮಣ್ಣಿನ ಸ್ವಭಾವ ಮರೆಯುತ್ತದೆ.

ಇನ್ನೊಂದು ಮಾತು ‘ಹದ’. ಬಿತ್ತನೆಗೆ ನೆಲ ಹದವಾಗಿದೆ ಎನ್ನುತ್ತೇವೆ. ಕೆಸರೂ ಇರಬಾರದು, ಹೆಂಟೆಯೂ ಇರಬಾರದು. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬಿಟ್ಟರೆ ಉದುರಬೇಕು. ತೆಲುಗಿನಲ್ಲಿ ಇದೇ ‘ಪದನು’. ಹೊಲ ಮತ್ತು ‘ಪೊಲಂ’, ಕೆರೆ ಮತ್ತು ‘ಚೆರುವು’ ಇದ್ದಂತೆ ಇವೂ ಒಂದೇ ತಾಯಿಯ ಮಕ್ಕಳು. ರೊಟ್ಟಿಯ ಹಿಟ್ಟಿಗೂ ಬೆಲ್ಲದ ಪಾಕಕ್ಕೂ ಹದ ಎನ್ನುತ್ತೇವೆ, ಮನಸ್ಸಿಗೂ ಎನ್ನುತ್ತೇವೆ. ಬಿತ್ತುವವನ ಸಾಮತಿಯನ್ನು (ಮತ್ತಾಯ 13) ಈ ಒಂದು ಮಾತು ಇಟ್ಟುಕೊಂಡು ಓದಿದರೆ, ದಾರಿ, ಬಂಡೆ, ಮುಳ್ಳು, ಒಳ್ಳೆಯ ನೆಲ ಎಂಬ ನಾಲ್ಕೂ ನಮ್ಮ ಕಾಲಡಿಯಲ್ಲೇ ಇವೆ.

ಕಳೆಯೋ, ಪಲ್ಯವೋ?

ಹೆಸರು ಬದಲಾದರೆ ನಡವಳಿಕೆಯೂ ಬದಲಾಗುತ್ತದೆ. ಮಳೆಗಾಲದಲ್ಲಿ ಹೊಲದ ಸಾಲಿನಲ್ಲಿ ತಾನಾಗಿ ಹುಟ್ಟುವ ಗೋಳಿ ಸೊಪ್ಪನ್ನು ನೋಡಿ. ತೆಲುಗಿನವರು ಅದನ್ನು ಗಂಗವಾಯಿಲಿ ಕೂರ ಎನ್ನುತ್ತಾರೆ. ‘ಪಲ್ಯ’, ‘ಕೂರ’ ಎಂದು ಕರೆದ ಕೈ ಅದನ್ನು ಬಿಡಿಸಿ ಮಡಿಲಿಗೆ ಹಾಕಿಕೊಳ್ಳುತ್ತದೆ; ರೊಟ್ಟಿಯ ಜೊತೆ ಅದು ಊಟವಾಗುತ್ತದೆ. ‘ಕಳೆ’ ಎಂದು ಕರೆದ ಕೈ ಔಷಧಿಯ ಪಂಪು ಹುಡುಕುತ್ತದೆ. ಗಿಡ ಒಂದೇ.

ಇದನ್ನು ನಮ್ಮ ನೆರೆಯಲ್ಲೇ ಕಲಿತು ಕಲಿಸಿದವರಿದ್ದಾರೆ. 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಜಹೀರಾಬಾದಿನ ಪಸ್ತಾಪುರದಲ್ಲಿ ನೆಲೆ ನಿಂತು, ಸುತ್ತಲ ಹಳ್ಳಿಗಳ ಬಡ ದಲಿತ ಮಹಿಳೆಯರ ಸಂಘಗಳೊಡನೆ ಕೆಲಸ ಮಾಡಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ಕೆಲಸ ಮಾಡಿದವರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಈ ಮಹಿಳೆಯರು ಒಂದೇ ಎಕರೆ ಒಣಭೂಮಿಯಲ್ಲಿ ಜೋಳ, ಸಜ್ಜೆ, ನವಣೆ, ಸಾಮೆ, ತೊಗರಿ, ಅಲಸಂದೆ ಹೀಗೆ ಹತ್ತಿಪ್ಪತ್ತು ಬಗೆ ಬೆಳೆಯುತ್ತಾರೆ. ಒಂದು ಮಳೆ ತಪ್ಪಿದರೆ ಒಂದು ಬೆಳೆ ಹೋಗಬಹುದು, ಇನ್ನೊಂದು ಉಳಿಯುತ್ತದೆ. ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ಬಂಡಿಗಳಲ್ಲಿ ಬೀಜ ಹೇರಿಕೊಂಡು ಊರೂರಿಗೆ ಹೋಗುವ ‘ಪಾತ ಪಂಟಲ ಜಾತರ’, ಅಂದರೆ ಹಳೆಯ ಬೆಳೆಗಳ ಜಾತ್ರೆ, ಅವರದೇ. 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ಆರಂಭವಾದ ಸಂಘಂ ರೇಡಿಯೋ ಅವರದೇ. ಪುಸ್ತಕದ ತೆಲುಗನ್ನು ಬಿಟ್ಟು ತಮ್ಮ ಹಳ್ಳಿಯ ಮಾತಿನಲ್ಲೇ ಬೀಜ, ಮಳೆ, ಮದ್ದು, ಅಡುಗೆಯ ವಿಷಯ ಮಾತಾಡುತ್ತಾರೆ. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಸಂಸ್ಥೆಗೆ ಬಂತು.

ಹೆಸರಿನ ಬಲ ಎಷ್ಟೆಂದು ಇವರ ಧಾನ್ಯಗಳೇ ಹೇಳುತ್ತವೆ. ಸರ್ಕಾರಿ ಕಾಗದಗಳಲ್ಲಿ ದಶಕಗಳ ಕಾಲ ಜೋಳ, ಸಜ್ಜೆ, ನವಣೆಗಳು ‘ಒರಟು ಧಾನ್ಯ’. ಒರಟು ಎಂದ ಮೇಲೆ ಬಡವರ ಊಟ. ಅನುಕೂಲವಾದೊಡನೆ ಜನ ಬಿಟ್ಟರು. 2018ರಲ್ಲಿ ಕೇಂದ್ರ ಸರ್ಕಾರ ಅವನ್ನು ‘ಪೌಷ್ಟಿಕ ಧಾನ್ಯ’ ಎಂದು ಘೋಷಿಸಿತು. ಕನ್ನಡದಲ್ಲಿ ‘ಸಿರಿಧಾನ್ಯ’ ಎಂಬ ಹೆಸರು ಹರಡಿತು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ಕಾಳು ಅದೇ ಕಾಳು. ಈಗ ಪೇಟೆಯ ಅಂಗಡಿಯಲ್ಲಿ ಅಕ್ಕಿಗಿಂತ ದುಬಾರಿ.

ಹಬ್ಬವೂ ಒಂದು ಭಾಷೆ

ಜ್ಯೇಷ್ಠ ಮಾಸದ ಹುಣ್ಣಿಮೆಗೆ ಕನ್ನಡದವರು ಎತ್ತು ಸಿಂಗರಿಸಿ ಕಾರಹುಣ್ಣಿಮೆ ಮಾಡುತ್ತಾರೆ. ಅದೇ ಹುಣ್ಣಿಮೆ ತೆಲುಗಿನಲ್ಲಿ ಏರುವಾಕ ಪುನ್ನಮಿ, ನೇಗಿಲು ಹೂಡುವ ದಿನ. ನಮ್ಮ ಹೆಸರು ಕಾರಿನ ಕಡೆ ನೋಡಿದರೆ ಅವರದು ನೇಗಿಲಿನ ಕಡೆ ನೋಡುತ್ತದೆ. ಎರಡೂ ಸೇರಿದರೇ ಬೇಸಾಯ. ಎಳ್ಳ ಅಮಾವಾಸ್ಯೆ ಬೀದರ್, ಕಲಬುರಗಿಗಳಂತೆ ಜಹೀರಾಬಾದ್, ನಾರಾಯಣಖೇಡಗಳಲ್ಲೂ ಉಳಿದಿದೆ. ಭಜ್ಜಿ, ಸಜ್ಜೆ ರೊಟ್ಟಿ, ಕಡಬು, ಅಂಬಲಿ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗಿ, ಬೆಳೆಗೆ ಚರಗ ಚೆಲ್ಲಿ, ಕೂತು ಉಣ್ಣುತ್ತದೆ. ನಮ್ಮ ನೆರೆಯವರ ಪೂಜೆ ಅವರದು. ಆದರೆ ಅವರ ಹೊಲದ ಊಟಕ್ಕೆ ನಾವೂ ಕೂತವರೇ.

ನಮ್ಮ ಧರ್ಮಸಭೆಯಲ್ಲೂ ನೆಲದ ಹಬ್ಬಗಳಿವೆ. ಮಂಗಳೂರು ಕಡೆಯ ಕ್ರೈಸ್ತರು ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನನೋತ್ಸವದಲ್ಲಿ, ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುತ್ತಾರೆ. ಅದು ಕರಾವಳಿಯ ಗದ್ದೆಯ ಹಬ್ಬ. ನಮ್ಮಲ್ಲಿ ಆ ದಿನಕ್ಕೆ ಬಿಳಿಜೋಳ ಇನ್ನೂ ಬಿತ್ತನೆಯೇ ಆಗಿರುವುದಿಲ್ಲ. ಮೇ 15 ಬೇಸಾಯಗಾರ ಸಂತ ಇಸಿದೋರರ ದಿನ. ರೋಹಿಣಿ ಮಳೆಗೆ ಹತ್ತು ದಿನ ಮುಂಚೆ, ಬೀಜ ಹಸನು ಮಾಡುವ ಹೊತ್ತು. ಬೀಜದ ಆಶೀರ್ವಾದಕ್ಕೆ ಈ ದಿನ ನಮಗೆ ಚೆನ್ನಾಗಿ ಒಪ್ಪುತ್ತದೆ. ಕ್ರಿಸ್ತಜಯಂತಿಯ ಗೋದಲಿಯಲ್ಲಿ ಹತ್ತಿಯ ಹಿಮ ಹರಡುವುದರ ಬದಲು ಜೋಳದ ದಂಟು, ತೊಗರಿ ಕಟ್ಟಿಗೆ, ತಾಂಡೂರಿನ ಕಲ್ಲಿನ ಚೂರು ಇಟ್ಟರೆ, ಪ್ರಭು ನಮ್ಮ ನಡುವೆ ಹುಟ್ಟಿದರೆಂಬುದು ಮಕ್ಕಳ ಕಣ್ಣಿಗೇ ಕಾಣುತ್ತದೆ.

ಮಳೆ ಹೆಸರು ತಪ್ಪಿದಾಗ

ಈಗ ಕಠಿಣವಾದ ಪ್ರಶ್ನೆ. ಮಳೆಗಳೇ ಹೇಳಿದ ಕಾಲಕ್ಕೆ ಬರುತ್ತಿಲ್ಲ. ಹೀಗಿರುವಾಗ ಹಳೆಯ ಹೆಸರುಗಳಿಂದ ಏನು ಪ್ರಯೋಜನ?

ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳ ನೇತೃತ್ವದ ಅಧ್ಯಯನವೊಂದು, ನಮ್ಮ ಉತ್ತರಕ್ಕಿರುವ ಮಧ್ಯ ಭಾರತದಲ್ಲಿ ವ್ಯಾಪಕವಾದ ಅತಿಭಾರೀ ಮಳೆಗಳು 1950ರಿಂದ 2015ರ ನಡುವೆ ಮೂರು ಪಟ್ಟಾದವೆಂದು 2017ರಲ್ಲಿ ತೋರಿಸಿತು. 2020ರ ಅಕ್ಟೋಬರ್ 13-14ರ ಮಳೆ ನಮಗೆ ನೆನಪಿದೆ. ಹೈದರಾಬಾದಿನ ಬಡಾವಣೆಗಳು ಮುಳುಗಿದವು. ಮುಂದಿನ ದಿನಗಳಲ್ಲಿ ಭೀಮೆ ಉಕ್ಕಿ ಕಲಬುರಗಿ ಸೀಮೆಯ ತೊಗರಿ ಹೊಲಗಳು ನೀರಲ್ಲಿ ನಿಂತವು. ಲೆಕ್ಕದ ಪ್ರಕಾರ ಅದು ಚಿತ್ತಾ ಮಳೆ. ಮಳೆಗಾಲ ಮುಗಿಯುತ್ತ ಬಂದಾಗ ಎರೆಗೆ ಹಸಿ ಕೊಟ್ಟು ಹೋಗಬೇಕಾದ ಮಳೆ ಹೊಲವನ್ನೇ ಹೊಳೆ ಮಾಡಿತು.

ಹಾಗಾಗಿ ಗಾದೆಯೊಂದನ್ನೇ ನಂಬಿ ಬಿತ್ತಿ ಎಂದು ನಾವು ಹೇಳುವುದಿಲ್ಲ. ಹವಾಮಾನ ಇಲಾಖೆಯ ಮುನ್ಸೂಚನೆ ಕೇಳಬೇಕು, ಕೃಷಿ ಅಧಿಕಾರಿಗಳ ಮಾತು ಕೇಳಬೇಕು. ಆದರೆ ಒಂದು ವಿಷಯ ಯೋಚಿಸಿ. ಆರಿದ್ರಾದಲ್ಲಿ ಮಳೆ ಬರಬೇಕೆಂದು ಗೊತ್ತಿದ್ದವರಿಗೆ ಮಾತ್ರ ಆರಿದ್ರಾ ಬರಿದಾಗಿ ಹೋದದ್ದು ತಿಳಿಯುತ್ತದೆ. ಚಿತ್ತಾ ಹೇಗಿರಬೇಕೆಂದು ಬಲ್ಲವರು ಮಾತ್ರ ಚಿತ್ತಾ ಕೆಟ್ಟಿತು ಎನ್ನಬಲ್ಲರು. ‘ಮಳೆ ಬಂತು, ಮಳೆ ಬರಲಿಲ್ಲ’ ಎಂಬ ಎರಡೇ ಮಾತು ಉಳಿದವರಿಗೆ ಎಲ್ಲ ವರ್ಷಗಳೂ ಒಂದೇ. ಹೆಸರು ಒಂದು ಅಳತೆಗೋಲು. ಅಳತೆಗೋಲು ಕಳೆದುಹೋದರೆ ನಷ್ಟವಾದದ್ದೂ ಗೊತ್ತಾಗುವುದಿಲ್ಲ. ಹವಾಮಾನ ಬದಲಾಗುತ್ತಿರುವ ಈ ಕಾಲದಲ್ಲೇ ಆ ಹೆಸರುಗಳು ಹೆಚ್ಚು ಬೇಕು.

ಜಗದ್ಗುರು ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ (ಸಂಖ್ಯೆ 143-146) ಸಂಸ್ಕೃತಿಯ ಪರಿಸರದ ಬಗ್ಗೆ ಬರೆದದ್ದು ಇದಕ್ಕೇ ಹತ್ತಿರ. ಒಂದು ಸಂಸ್ಕೃತಿ ಮರೆಯಾಗುವುದು ಒಂದು ಜೀವಸಂಕುಲ ಅಳಿಯುವಷ್ಟೇ, ಅದಕ್ಕಿಂತಲೂ ಗಂಭೀರ ನಷ್ಟವಾಗಬಹುದೆಂದು ಅವರು ಎಚ್ಚರಿಸುತ್ತಾರೆ. ನಮ್ಮ ಮಕ್ಕಳು ತೆಲುಗು, ಇಂಗ್ಲಿಷ್ ಕಲಿಯಲಿ. ಅದು ಅವರ ಬದುಕಿಗೆ ಬೇಕು. ಹಲವು ಭಾಷೆಗಳ ಈ ಧರ್ಮಪ್ರಾಂತ್ಯದಲ್ಲಿ ತೆಲುಗು ಬಲಿಪೂಜೆಯೂ ನಮ್ಮದೇ. ಆದರೆ ಮನೆಯ ಕನ್ನಡ ‘ಊಟ ಆಯ್ತಾ, ನಿದ್ದೆ ಬಂತಾ’ ಎಂಬಷ್ಟಕ್ಕೆ ಕುಗ್ಗಿದರೆ ಎರೆ, ಮಸಾರಿ, ಹದ, ಹುಬ್ಬಾ ಮಳೆಗಳು ಹಿರಿಯರ ಜೊತೆಗೇ ಮಣ್ಣು ಸೇರುತ್ತವೆ.

ಮನೆಯಲ್ಲಿ ಮತ್ತು ಸಂಘಗಳಲ್ಲಿ ಮಾಡಲು

1. ಮನೆಯ ಹಿರಿಯರನ್ನು ಕೇಳಿ: ಎಷ್ಟು ಮಳೆಗಳ ಹೆಸರು, ಎಷ್ಟು ಗಾದೆ ನೆನಪಿದೆ? ಮಕ್ಕಳು ಒಂದು ನೋಟುಬುಕ್ಕಿನಲ್ಲಿ ಬರೆದಿಡಲಿ. ಪಕ್ಕದಲ್ಲಿ ತೆಲುಗು, ಉರ್ದು, ಮರಾಠಿ ಹೆಸರುಗಳನ್ನೂ ಬರೆಯಲಿ.

2. ಈ ವರ್ಷದ ಪ್ರತಿ ನಕ್ಷತ್ರದ ಮುಂದೆ ನಿಮ್ಮ ಊರಲ್ಲಿ ಮಳೆ ಬಿದ್ದ ದಿನಗಳನ್ನು ಗುರುತು ಹಾಕಿ. ಮೂರು ವರ್ಷ ಬಿಡದೆ ಮಾಡಿದರೆ ಅದು ನಮ್ಮ ಧರ್ಮಕೇಂದ್ರದ ಸ್ವಂತ ದಾಖಲೆ.

3. ನಿಮ್ಮ ಹೊಲದಲ್ಲಿ, ಹಿತ್ತಲಲ್ಲಿ ತಾನಾಗಿ ಹುಟ್ಟುವ ಯಾವ ಸೊಪ್ಪನ್ನು ಹಿಂದೆ ಉಣ್ಣುತ್ತಿದ್ದಿರಿ? ಈಗ ಅದನ್ನು ಏನೆಂದು ಕರೆಯುತ್ತೀರಿ?

4. ಸಂತ ಯಕೋಬರ ಪತ್ರ 5:7ನ್ನು ಕನ್ನಡದಲ್ಲೂ ತೆಲುಗಿನಲ್ಲೂ ಓದಿ. ಎರಡು ಮಳೆಗಳಿಗಾಗಿ ಕಾಯುವ ಆ ಬೇಸಾಯಗಾರ ನಮ್ಮ ಊರಿನವನಾಗಿದ್ದರೆ ಈ ವಾರ ಹೊಲದಲ್ಲಿ ಏನು ಮಾಡುತ್ತಿದ್ದ?

5. ಮೇ 15ರಂದು ಪ್ರತಿ ಮನೆಯಿಂದ ಒಂದು ಹಿಡಿ ಬೀಜ ಪೀಠದ ಮುಂದೆ ತರುವ ಬಗ್ಗೆ ನಿಮ್ಮ ಗುರುಗಳೊಡನೆ ಮಾತಾಡಿ. ತೆಲುಗು ಕುಟುಂಬಗಳನ್ನೂ ಕರೆಯಿರಿ. ತಂದ ಪ್ರತಿಯೊಬ್ಬರೂ ತಮ್ಮ ಬೀಜದ ಹೆಸರನ್ನು ತಮ್ಮ ಮಾತಿನಲ್ಲಿ ಒಮ್ಮೆ ಗಟ್ಟಿಯಾಗಿ ಹೇಳಲಿ.